ಕೆರೆ ದಂಡೆಯಲ್ಲಿ ನನ್ನ ಮನೆ

"ಯಜಮಾನ್ರು ಎಲ್ಲಿ ಅದಾರ್ರಿ ಅಮ್ಮಾ?"

ನಾನಿನ್ನೂ ಎಂಜಿನ್ ಬಂದ್ ಮಾಡಿರಲಿಲ್ಲ. ಕುರುಗೋಡಿನ ಗುಡ್ಡದ ಹಿಂದೆ, ಕೆರೆಯ ದಂಡೆಯಲ್ಲಿ ಪ್ರವಾಸಿಗರು ಬಾಡಿಗೆಗೆ ತಂಗುವ ಕ್ಯಾಂಪ್ ಇಟ್ಟುಕೊಂಡಿರುವ ದೊಡ್ಡಬಸವರಾಜ ನನ್ನ ಕಿಟಕಿಯೊಳಗೆ ಇಣುಕಿ, ನನ್ನನ್ನು ದಾಟಿ, ಹಿಂದೆ ಯಾರಾದರೂ ಗಂಡಸು ಮಲಗಿರಬಹುದೇ ಎಂದು ಹುಡುಕುತ್ತಿದ್ದ. ಸ್ಟೇರಿಂಗ್ ನನ್ನ ಕೈಯಲ್ಲೇ ಇತ್ತು. ಅದೊಂದು ಅವನ ಕಣ್ಣಿಗೆ ಬೀಳಲಿಲ್ಲ.

"ಯಜಮಾನ್ರು ಇಲ್ಲ. ನಾ ಮದಿವೀನ ಆಗಿಲ್ಲ. ಜಾಗ ತೋರಸ್ರಿ," ಅಂದೆ.

ನನ್ನ ಹೆಸರು ಗುರುಬಸಮ್ಮ. ಇಪ್ಪತ್ತೇಳು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವಳು. ಬಳ್ಳಾರಿಯಿಂದ ಮೋಕ, ಸಿರುಗುಪ್ಪದಿಂದ ಹಚ್ಚೊಳ್ಳಿ, ಎಲ್ಲ ರೂಟೂ ನೋಡಿದ್ದೇನೆ. ನಾನು ಸೀಟಿ ಊದಿದರೆ ಫುಟ್‌ಬೋರ್ಡಿನ ಪುಂಡರು ಬಾಯಿ ಮುಚ್ಚಿಕೊಂಡು ಒಳಗೆ ಸರಿಯುತ್ತಿದ್ದರು. ಹೋದ ವರ್ಷ ಡಿಪೋದವರು ಶಾಲು ಹೊದಿಸಿ, ಹಾರ ಹಾಕಿ, "ಇನ್ನು ಮನೆಯಲ್ಲಿ ಆರಾಮಾಗಿರಿ" ಎಂದು ಕಳಿಸಿದರು.

ಮನೆ ಅಂದರೆ ತಮ್ಮ ಪ್ರಭುಲಿಂಗನ ಮನೆ. ಸಿರುಗುಪ್ಪದಲ್ಲಿ, ಅವನ ರೈಸ್ ಮಿಲ್ಲಿನ ಪಕ್ಕದಲ್ಲೇ ಇದೆ. ಅಲ್ಲಿ ಮಹಡಿಯ ಮೇಲೆ ನನಗೊಂದು ಕೋಣೆ. ತಮ್ಮ ಕೆಟ್ಟವನಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನಗೆ ಜ್ವರ ಬಂದರೆ ಅವನು ಊಟ ಬಿಡುತ್ತಾನೆ. ಆದರೆ ಮಿಕ್ಕಿದ ಅಕ್ಕಿ ಮೂಟೆ, ಮದುವೆಯ ಎರಡು ದೊಡ್ಡ ಕೊಪ್ಪರಿಗೆ, ಕೆಟ್ಟುಹೋದ ಕೂಲರ್ ಎಲ್ಲವೂ ನನ್ನ ಕೋಣೆಗೇ ಬಂದು ಸೇರುತ್ತಿದ್ದವು. ಯಾರೂ ಕೇಳಿ ಇಟ್ಟದ್ದಿಲ್ಲ. ಅವರ ಮನೆ, ಅವರ ಕೂಲರ್. ಎರಡು ಕೊಪ್ಪರಿಗೆಯ ನಡುವೆ ಮೂರನೆಯದಾಗಿ ನಾನೂ ಇದ್ದೆ.

ಹಾಗಾಗಿ ಒಂದು ದಿನ ಬಳ್ಳಾರಿಗೆ ಹೋಗಿ, ಶಾಲೆಯ ಮಕ್ಕಳನ್ನು ಹೊತ್ತು ಹೊತ್ತು ಹಣ್ಣಾಗಿದ್ದ ಮಿನಿ ಬಸ್ಸೊಂದನ್ನು ಕೊಂಡೆ. ಬಾಡಿ ಕಟ್ಟುವ ಗ್ಯಾರೇಜಿನಲ್ಲಿ ಸೀಟುಗಳನ್ನು ಕೀಳಿಸಿ ಮಂಚ, ಗ್ಯಾಸಿನ ಕಟ್ಟೆ, ನೀರಿನ ಟ್ಯಾಂಕು, ಹಿಂದೆ ಚಿಕ್ಕ ಬಾತ್‌ರೂಮು ಕಟ್ಟಿಸಿದೆ. ಅದಕ್ಕೆ ಕ್ಯಾರವಾನ್ ಅನ್ನುತ್ತಾರಂತೆ. ಗ್ಯಾರೇಜಿನವನು "ಯಾರಿಗ್ರಿ ಇದು?" ಅಂತ ನಾಲ್ಕು ಸಲ ಕೇಳಿದ. ನಾಲ್ಕು ಸಲವೂ "ನನಗ" ಅಂದೆ. ಡ್ರೈವಿಂಗ್ ಕಲಿಸಿದವನು ಮಿಲ್ಲಿನ ಲಾರಿ ಡ್ರೈವರ್ ಹುಲುಗಪ್ಪ. ಅರವತ್ತರ ವಯಸ್ಸಿನಲ್ಲಿ ಕ್ಲಚ್ಚು ಒತ್ತುವುದು ಕಷ್ಟವೇ. ಆದರೆ ಡ್ರೈವರುಗಳನ್ನು ಇಪ್ಪತ್ತೇಳು ವರ್ಷ ಬೈದವಳಿಗೆ ತಪ್ಪು ಎಲ್ಲಿ ಆಗುತ್ತದೆಂಬುದು ಮೊದಲೇ ಗೊತ್ತಿತ್ತು.

ಗಾಡಿ ಮನೆ ಮುಂದೆ ಬಂದು ನಿಂತಾಗ ಪ್ರಭುಲಿಂಗ ಸುತ್ತ ಒಂದು ಸುತ್ತು ಹಾಕಿ, "ಚಲೋ ಐತಿ ಅಕ್ಕಾ. ಮಿಲ್ಲಿನ ಶೆಡ್ಡಿನ್ಯಾಗ ಇಡಸ್ತೀನಿ. ಯಾವಾಗರ ಎಲ್ಲಾರೂ ಕೂಡಿ ಹೋಗೂಣು," ಅಂದ. ಆ ಶೆಡ್ಡಿಗೆ ಹೋದ ವಸ್ತು ಹೊರಗೆ ಬಂದದ್ದನ್ನು ನಾನು ಕಂಡಿಲ್ಲ. ಅಪ್ಪನ ಎತ್ತಿನ ಬಂಡಿಯನ್ನು ಅಲ್ಲೇ ಗೆದ್ದಲು ತಿಂದಿತು. ನನ್ನ ಗಾಡಿ ಒಳಗೆ ಹೋದರೆ ನಾನೂ ಆ ಕೋಣೆ ಬಿಟ್ಟು ಎಂದೂ ಹೊರಗೆ ಬರುವುದಿಲ್ಲ ಎಂದು ನನಗೆ ಖಚಿತವಾಗಿ ಗೊತ್ತಿತ್ತು. ಅದಕ್ಕೇ ಫೋನಿನಲ್ಲಿ ಈ ಕ್ಯಾಂಪಿನ ಜಾಗವನ್ನು ಮೂರು ದಿನಕ್ಕೆ ಗೊತ್ತುಮಾಡಿ, ಮಾರನೆಯ ಬೆಳಗ್ಗೆ ಹಾಲಿನವನು ಬರುವ ಮೊದಲೇ ಹೊರಟೆ. ಚೀಟಿ ಬರೆದಿಟ್ಟೆ: "ಕುರುಗೋಡಿಗೆ ಹೋಗಿದ್ದೇನೆ. ನನ್ನ ಗಾಡಿಯಲ್ಲಿ."

ಆದರೆ ದೊಡ್ಡಬಸವರಾಜನ ಕೈಯಲ್ಲಿ ಒಂದು ಫಾರಂ ಇತ್ತು. ಅದರ ಮೊದಲ ಸಾಲೇ 'ಯಜಮಾನರ ಹೆಸರು'. ನಾನು 'ಗುರುಬಸಮ್ಮ' ಎಂದು ಬರೆದೆ.

"ಅಲ್ಲಿ ಗಂಡಸರ ಹೆಸರು ಬರೀಬೇಕ್ರಿ," ಅಂದ ಅವನು. "ಇದು ಫ್ಯಾಮಿಲಿ ಕ್ಯಾಂಪು. ಒಬ್ಬ ಹೆಣ್ಮಗಳನ್ನ ಇಟ್ಕೊಂಡು ನಾಳಿ ಏನರ ಆದ್ರ ನಾ ಯಾರಿಗಿ ಜವಾಬು ಹೇಳ್ಲಿ?"

"ನನಗ ಹೇಳ್ರಿ."

ಅವನು ತಲೆ ಕೆರೆದುಕೊಂಡ. ಯಾವ ಊರು, ಯಾರ ಮನೆತನ ಎಂದೆಲ್ಲ ಕೇಳಿದ. ಸಿರುಗುಪ್ಪ ಅಂದದ್ದೇ ತಡ, ಮುಖ ಅರಳಿತು. "ಮಿಲ್ಲಿನ ಪ್ರಭುಲಿಂಗಪ್ಪಾರ ಅಕ್ಕಾರೇನು? ಮೊದ್ಲ ಹೇಳಬಾರದೇನ್ರಿ!" ಎಂದವನೇ ಫೋನ್ ಹಚ್ಚಿಕೊಂಡು ಬೇವಿನ ಮರದ ಆಚೆ ಹೋದ. ನಮ್ಮ ಸೀಮೆಯಲ್ಲಿ ಓಡಿಹೋಗುವುದೂ ಇಷ್ಟು ಕಷ್ಟ. ಎಲ್ಲಿ ಹೋದರೂ ಯಾರೋ ಒಬ್ಬರು ನಿಮ್ಮ ತಮ್ಮನಿಗೆ ಪರಿಚಯದವರು.

ನಾನು ಕಾಯಲಿಲ್ಲ. ಗಾಡಿಯನ್ನು ನೀರಿನ ಹತ್ತಿರಕ್ಕೆ ರಿವರ್ಸ್ ತೆಗೆದುಕೊಂಡು, ನನಗೆ ನಾನೇ "ಬರ್ಲಿ, ಬರ್ಲಿ, ಹೋಲ್ಡಾನ್!" ಅಂದುಕೊಂಡು ನಿಲ್ಲಿಸಿದೆ. ಗಾಲಿಗೆ ಕಲ್ಲು ಕೊಟ್ಟೆ. ಚಹಾ ಕಾಸಿಕೊಂಡು, ಹೊರಗೆ ಕುರ್ಚಿ ಹಾಕಿ ಕುಳಿತೆ. ಎದುರಿಗೆ ಗುಡ್ಡದ ಬಂಡೆಗಳು, ಕೆಳಗೆ ಕೆರೆ, ದಡದಲ್ಲಿ ನಾಲ್ಕಾರು ಬೆಳ್ಳಕ್ಕಿ. ದೂರದಲ್ಲಿ ಇನ್ನೊಂದು ಕ್ಯಾರವಾನಿನವರು ಬಟ್ಟೆ ಒಣಹಾಕುತ್ತಿದ್ದರು. ಯಾರೂ ನನ್ನನ್ನು ಕರೆಯಲಿಲ್ಲ. ಮಿಲ್ಲಿನ ಸದ್ದಿಲ್ಲ, ಕೆಳಗಿನ ಮನೆಯ ಟಿವಿ ಇಲ್ಲ. ಆ ಒಂದು ಕಪ್ ಚಹಾ ಮುಗಿಸಲು ನಾನು ಮುಕ್ಕಾಲು ಗಂಟೆ ತೆಗೆದುಕೊಂಡೆ. ಇಷ್ಟು ಖುಷಿ ನನ್ನ ಜೀವನದಲ್ಲಿ ಯಾವಾಗ ಆಗಿತ್ತೋ ನೆನಪಿಲ್ಲ. ಬಹುಶಃ ಆಗಿರಲೇ ಇಲ್ಲ.

ಮಧ್ಯಾಹ್ನದ ಹೊತ್ತಿಗೆ ಒಳಗೆ ಹೋಗಿ ಮಂಡಾಳು, ಅಂದರೆ ಮಂಡಕ್ಕಿ ನೆನೆಹಾಕಿ ನಮ್ಮ ಕಡೆಯ ಒಗ್ಗರಣೆ ತಿಂಡಿಗೆ ಇಟ್ಟಿದ್ದೆ. ಹೊರಗೆ ಕಾರು ನಿಂತ ಸದ್ದಾಯಿತು. ಬಾಗಿಲು ತಟ್ಟಿದರು.

"ಅಕ್ಕಾ, ಒಳಗ ಬರ್ಲ್ಯಾ?"

ಪ್ರಭುಲಿಂಗನ ದನಿ. ನಾನು ಬಾಗಿಲು ತೆಗೆದೆ. ದಡದ ಕೆಸರು ಮೆತ್ತಿಕೊಂಡ ಕಾಲನ್ನು ನೋಡಿಕೊಳ್ಳುತ್ತ, "ಕಾಲಿಗಿ ಒಂದೀಟು ನೀರ ಕೊಡು," ಅಂದ. ತಂಬಿಗೆ ಕೊಟ್ಟೆ. ಕಾಲು ತೊಳೆದುಕೊಂಡು ಒಳಗೆ ಬಂದು ಮಂಚದ ಅಂಚಿಗೆ ಕುಳಿತ. ಹುಲುಗಪ್ಪ ಕಾರಿನ ಪಕ್ಕದಲ್ಲೇ ಉಳಿದ. ನಾನು ಒಗ್ಗರಣೆ ತಟ್ಟೆಗೆ ಹಾಕಿ ತಮ್ಮನ ಮುಂದಿಟ್ಟೆ. ಅವನು ಮುಟ್ಟಲಿಲ್ಲ.

"ನಡಿ ಮನಿಗಿ. ಚಾವಿ ಕೊಡು, ಗಾಡಿ ಹುಲುಗಪ್ಪ ತರ್ತಾನ. ನೀ ಕಾರಿನ್ಯಾಗ ಬಾ."

"ಕೊಡಂಗಿಲ್ಲ."

"ಅಕ್ಕಾ, ಹಠ ಮಾಡಬ್ಯಾಡ. ಮನಿ ಬಿಟ್ಟು ಗಾಡ್ಯಾಗ ಮಲಗೋದು ಅಂದ್ರ ಏನು? ಮಂದಿ ಏನಂತಾರ ಗೊತ್ತೈತೇನು? ತಮ್ಮ ಹೊರಗ ಹಾಕ್ಯಾನ ಅಂತಾರ." ಕೊನೆಯ ಮಾತಿಗೆ ಅವನ ದನಿ ನಡುಗಿತು. ಅವನ ನಿಜವಾದ ನೋವು ಅದೇ ಎಂದು ನನಗೆ ತಿಳಿಯಿತು. ಆದರೂ ಚಾವಿ ಸೆರಗಿನ ಗಂಟಿನಲ್ಲೇ ಇತ್ತು.

"ಮಂದಿ ಬಾಯಿ ಮುಚ್ಚಾಕ ನನ್ನ ಯಾಕ ಮುಚ್ಚಿಡ್ತಿ?"

"ನಿನಗ ಅಲ್ಲೇನು ಕಡಿಮಿ ಐತಿ? ಮನಿ ಅಂಬೋದು ಮನೀನ. ಇದು ಗಾಡಿ ಅಕ್ಕಾ. ಗಾಡಿ ಯಾವಾಗರ ಮನಿ ಆಗ್ತದೇನು?"

"ಗಾಡಿ ಅಂತೀಯಲ್ಲ ಪ್ರಭೂ, ನಿನ್ನ ಚಪ್ಪಲಿ ಎಲ್ಲ್ಯವ?"

ಅವನು ತನ್ನ ಕಾಲು ನೋಡಿಕೊಂಡ. ಬರಿಗಾಲು. ಆಮೇಲೆ ಬಾಗಿಲ ಕಡೆ ನೋಡಿದ. ಮೆಟ್ಟಿಲ ಕೆಳಗೆ ಹುಲ್ಲಿನ ಮೇಲೆ ಅವನ ಚಪ್ಪಲಿ ಜೋಡಿಯಾಗಿ, ಒಪ್ಪವಾಗಿ ಇದ್ದವು.

"ಇಪ್ಪತ್ತೇಳು ವರ್ಷ ಬಸ್ಸಿನ ಬಾಗಲ್ದಾಗ ನಿಂತೀನಿ," ಅಂದೆ. "ಎಷ್ಟು ಲಕ್ಷ ಮಂದಿ ಹತ್ಯಾರೋ ಇಳದಾರೋ ದೇವರಿಗಿ ಗೊತ್ತು. ಕೆಸರು ತುಳದು ಹತ್ಯಾರ, ಶೆಗಣಿ ತುಳದು ಹತ್ಯಾರ. ಬಾಗಲ ಬಡದು, ಬರ್ಲ್ಯಾ ಅಂತ ಕೇಳಿ, ಚಪ್ಪಲಿ ಬಿಟ್ಟು, ಕಾಲಿಗಿ ನೀರ ಇಸ್ಕೊಂಡು ಗಾಡಿ ಹತ್ತಿದಾಂವನ್ನ ನಾ ಇವತ್ತ ನೋಡಿದ್ದು. ನಿನಗ ಗೊತ್ತಿಲ್ಲದಂಗ ನಿನ್ನ ಕಾಲಿಗಿ ಗೊತ್ತಾತು ನೋಡು, ಇದು ಯಾರದೋ ಮನಿ ಅಂತ."

ನಾನು ಅಲ್ಲಿಗೇ ಬಿಡಬಹುದಿತ್ತು. ಬಿಡಲಿಲ್ಲ. ಇಷ್ಟು ವರ್ಷದ್ದು ಬಾಯಿಗೆ ಬಂದುಬಿಟ್ಟಿತ್ತು.

"ನನ್ನ ಮ್ಯಾಲಿನ ಕೋಣಿಗಿ ಯಾವತ್ತರ ಹಿಂಗ ಕೇಳಿ ಬಂದೀಯೇನು? ನೀ ಪ್ರೀತಿ ಮಾಡಿದಿ, ಇಲ್ಲ ಅನ್ನಂಗಿಲ್ಲ. ಆದ್ರ ನನ್ನ ಬಾಗಲಾ ಅಂತ ಒಂದು ಇರ್ಲಿಲ್ಲ ಅಲ್ಲಿ. ಇದ ಮೊದಲನೇ ಬಾಗಲ. ಇದನ್ನ ನಿನ್ನ ಶೆಡ್ಡಿಗಿ ಹಾಕಾಕ ಕೊಡಂಗಿಲ್ಲ. ನೀ ಅತ್ತರೂ ಕೊಡಂಗಿಲ್ಲ."

ಅಷ್ಟರಲ್ಲಿ ದೊಡ್ಡಬಸವರಾಜ ಫಾರಂ ಹಿಡಿದುಕೊಂಡು ಬಾಗಿಲಿಗೆ ಬಂದ. ನನ್ನ ಕಡೆ ನೋಡಲೂ ಇಲ್ಲ. ಪೆನ್ನನ್ನು ಸೀದಾ ತಮ್ಮನ ಕೈಗೆ ಕೊಟ್ಟ.

"ಏನಂತೀರಿ ಯಜಮಾನ್ರ? ಅಕ್ಕಾರು ಇರ್ಲೋ, ಹೋಗ್ಲೋ? ಇಲ್ಲಿ ನೀವೊಂದು ಸೈನ್ ಹಾಕಿಬಿಟ್ರ ಇರ್ಲಿ ಬಿಡ್ರಿ, ನಂದೇನು ತಕರಾರಿಲ್ಲ."

ತಮ್ಮ ಬೇಡ ಅನ್ನುತ್ತಾನೆಂದು ನನಗೆ ಹೆದರಿಕೆ ಇರಲಿಲ್ಲ. ಸಹಿ ಹಾಕಿಬಿಡುತ್ತಾನೆ ಎಂಬುದೇ ಹೆದರಿಕೆ. ಅಕ್ಕನ ಮೇಲಿನ ಅಕ್ಕರೆಯಿಂದಲೇ ಹಾಕುತ್ತಾನೆ. ಆಮೇಲೆ ಈ ಕೆರೆ, ಈ ಕುರ್ಚಿ, ಈ ಚಹಾ ಎಲ್ಲವೂ ಅವನು ಕೊಟ್ಟದ್ದಾಗುತ್ತದೆ. ಇನ್ನೊಂದು ಊರಿಗೆ ಹೋದರೆ ಅಲ್ಲಿಗೂ ಅವನ ಸಹಿ ಬೇಕಾಗುತ್ತದೆ. ಮಹಡಿಯ ಕೋಣೆಗೇ ಗಾಲಿ ಹಚ್ಚಿದಂತೆ ಆಗುತ್ತದೆ, ಅಷ್ಟೇ.

"ಪ್ರಭೂ," ಅಂದೆ, "ನೀ ಅದಕ್ಕ ಸೈನ್ ಹಾಕಿದ್ರ ನಾ ಈಗ ಇಲ್ಲಿಂದ ಹೊಂಡ್ತೀನಿ. ಮಿಲ್ಲಿಗಲ್ಲ. ನಿನಗ ಗೊತ್ತಿರೋರು ಯಾರೂ ಇಲ್ಲದ ಊರಿಗಿ."

ಪ್ರಭುಲಿಂಗ ಪೆನ್ನು ಹಿಡಿದು ಆ ಕಾಗದವನ್ನು ನೋಡುತ್ತ ಕುಳಿತ. 'ಯಜಮಾನರ ಹೆಸರು' ಎಂಬಲ್ಲಿ ನಾನು ಬರೆದ ನನ್ನ ಹೆಸರನ್ನು ದೊಡ್ಡಬಸವರಾಜ ಗೀಟು ಎಳೆದು ಹೊಡೆದುಹಾಕಿದ್ದ. ತಮ್ಮ ಅದರ ಮೇಲೆ ಬೆರಳಿಟ್ಟ. ಕಿವಿ ಕೆಂಪಾಯಿತು.

"ಇದನ್ನ ಯಾರು ಹೊಡದವ್ರು?"

"ನಾನ್ರಿ. ಅದು ಹೆಣ್ಮಕ್ಕಳ ಹೆಸರಲ್ಲೇನ್ರಿ..."

"ಮತ್ತ ನನ್ನ್ಯಾಕ ಕೇಳ್ತೀರಿ ನೀವು?" ಪ್ರಭುಲಿಂಗ ಪೆನ್ನನ್ನು ಅವನಿಗೇ ವಾಪಸ್ ಕೊಟ್ಟ. "ನಾ ಇಲ್ಲಿ ಬಂದ ನೆಂಟ. ಮನಿ ನಮ್ಮಕ್ಕಂದು. ಯಜಮಾನ್ತಿ ಇಲ್ಲೇ ನಿಂತಾಳ. ಇರಬೇಕೋ ಹೋಗಬೇಕೋ ಅಕೀನ್ನ ಕೇಳ್ರಿ." ಇಷ್ಟು ಹೇಳಿ ತಟ್ಟೆ ಎಳೆದುಕೊಂಡು, ತಲೆ ತಗ್ಗಿಸಿ ಒಗ್ಗರಣೆ ತಿನ್ನತೊಡಗಿದ.

ನನಗೆ ಸಮಾಧಾನವಾಯಿತು. ಸಿಟ್ಟೂ ಬಂತು. ಈ ಒಂದು ಮಾತಿಗೆ ಅರವತ್ತು ವರ್ಷ ಬೇಕಾಯಿತಲ್ಲ ಎಂದು. ದೊಡ್ಡಬಸವರಾಜ ಮೊಟ್ಟಮೊದಲ ಸಲ ನನ್ನ ಮುಖ ನೋಡಿದ.

"ಏನಂತೀರಿ ಅಮ್ಮಾರ?"

"ಮೊದಲು ನನ್ನ ಹೆಸರು ಇದ್ದಲ್ಲೇ ಬರೀರಿ. ಆಮ್ಯಾಲ ಮೂರು ದಿನ ಅಂತ ಬರ್ಕೊಂಡೀರಲ್ಲ, ಅದನ್ನ ಹೊಡದು ಐದು ಅಂತ ಮಾಡ್ರಿ," ಅಂದೆ.

ಅವನು ಬರೆದ. ಸರಿಯಾಗಿ ಬರೆಯುವವರೆಗೂ ನಾನು ಅಲ್ಲೇ ನಿಂತು ನೋಡಿದೆ.