ಐದು ಸೇರು ತುತ್ತ, ನೂರು ಸೇರು ನೀರು

ಪೊಲೀಸ್ ಕಾರ್ಯಾಚರಣೆಯ ಮರುವರ್ಷದ ಮಳೆಗಾಲ. ನಿಜಾಮರ ಸರ್ಕಾರ ಹೋಗಿ ಹೊಸದು ಬಂದಿತ್ತು, ಕುರಿಗಳ ಗೊರಸು ಎಂದಿನಂತೆಯೇ ಕೊಳೆಯುತ್ತಿತ್ತು. ಅದಕ್ಕೆ ಮದ್ದು ಮೈಲುತುತ್ತದ ನೀರು, ಫೀಸದಿ ಐದು, ಎಂದರೆ ಶೇಕಡಾ ಐದು. ಹಿಂಡನ್ನು ಅದರಲ್ಲಿ ನಡೆಸಿದರೆ ಆಯಿತು.

ಭಾಲ್ಕಿ ಕಡೆಯ ಹಳ್ಳಿಗಳಲ್ಲಿ ಹದಿನಾರು ವರ್ಷ ಈ ನೀರು ಕಲಸಿದ ಕಂಪೌಂಡರ್ ಅಬ್ದುಲ ವಾಹೀದನ ನೌಕರಿ ಈಗ ತೂಗಾಡುತ್ತಿತ್ತು. ನಿಜಾಮರ ಕಾಲದ ನೌಕರರಲ್ಲಿ ಯಾರನ್ನು ಇಟ್ಟುಕೊಳ್ಳಬೇಕು, ಯಾರನ್ನು ಬಿಡಬೇಕು ಎಂದು ನೋಡಲು ಧಾರವಾಡದ ಕಡೆಯಿಂದ ಒಬ್ಬ ಸಾಹೇಬ ಬಂದಿದ್ದ. ಭಾತಂಬ್ರಾದಲ್ಲಿ, ಊರಿನ ಅರ್ಧ ಕುರಿಗಳ ಎದುರಿಗೆ, ಪರೀಕ್ಷೆ ನಡೆಯಿತು.

ವಾಹೀದ ತೊಟ್ಟಿಗೆ ನೂರು ಸೇರು ನೀರು ತೂಗಿ ಹಾಕಿದ. ಆರು ಸೇರಿನ ಚೀಲದಿಂದ ಐದು ಸೇರು ತುತ್ತ ತೂಗಿ ಸುರಿದ.

“ಫೀಸದಿ ಐದುರಿ, ಸಾಹೇಬ್ರ.”

“ಹ್ಯಾಂಗ?”

“ನೂರಕ್ಕ ಐದು. ಇದರಾಗ ಕೇಳೋದೇನದರಿ?”

“ತೊಟ್ಟ್ಯಾಗ ಈಗ ಒಟ್ಟು ನೂರಾ ಐದು ಸೇರು ಅದ. ಅದರಾಗ ತುತ್ತ ಐದು. ಅಂದ್ರ ಫೀಸದಿ ನಾಲ್ಕೂಮುಕ್ಕಾಲು. ಬರೇ ನೀರಿಗಲ್ಲೋ, ಎರಡೂ ಕೂಡಿದ್ದಕ್ಕ ಲೆಕ್ಕ ಹಿಡೀಬೇಕು. ತೊಂಬತ್ತೈದೇ ಸೇರು ನೀರು ಹಾಕಬೇಕಿತ್ತು.”

ಹದಿನಾರು ವರ್ಷದ ಕುರಿಗಳೆಲ್ಲ ವಾಹೀದನ ಕಣ್ಣ ಮುಂದೆ ಕಾಲು ಶೇಕಡಾ ಕುಂಟುತ್ತ ಹಾದುಹೋದವು.

“ತೊಟ್ಟ್ಯಾಗ ಫೀಸದಿ ಐದು ಇದ್ರ ನೌಕರಿ, ಇಲ್ಲಂದ್ರ ಮನಿ. ಇನ್ನೆಷ್ಟು ತುತ್ತ ಬೇಕು, ಹೇಳು” ಎಂದ ಸಾಹೇಬ.

“ಪಾವ್ ಸೇರ್...?”

“ಹಾಕಿದ್ದೂ ಒಟ್ಟಿನಾಗ ಸೇರ್ತದಲ್ಲಪಾ!”

ಇಬ್ಬರೂ ಲೆಕ್ಕಕ್ಕೆ ಕೂತರು. ಸಾಹೇಬ ಕಾಗದದ ಮೇಲೆ, ವಾಹೀದ ಕೆಸರಿನ ಮೇಲೆ.

ನಲವತ್ತು ಕುರಿ ಹಿಡಿದು ನಿಂತಿದ್ದ ಸುಂದರಬಾಯಿಗೆ ತಾಳ್ಮೆ ಮುಗಿಯಿತು. ಪೇಟೆಯಲ್ಲಿ ಜೋಳ ಅಳೆದಾದ ಮೇಲೆ ಒಂದೆರಡು ಹಿಡಿ ಕೊಸರು ಹಾಕಿಸಿಕೊಳ್ಳದೆ ಆಕೆ ಎಂದೂ ಅಂಗಡಿ ಬಿಟ್ಟವಳಲ್ಲ.

“ಸರಕಾರದ ಮಾಲಿಗಿ ಕೊಸರು ಇಲ್ಲೇನ್ರಿ?” ಎನ್ನುತ್ತ ಚೀಲಕ್ಕೆ ಕೈಹಾಕಿ, ಮೂರು ಹಿಡಿ ತುತ್ತ ತೊಟ್ಟಿಗೆ ಎಸೆದಳು.

“ಏ ಬಾಯಿ! ನನ್ನ ಹೊಟ್ಟಿ ಮ್ಯಾಲ ಹೊಡದಿಯಲ್ಲ!” ವಾಹೀದ ಕೂಗಿದ.

“ನಿನ್ನ ಹೊಟ್ಟಿ ಯಾರಿಗಿ ಬೇಕೋ ಸಾಬ? ನನ್ನ ಕುರಿ ಕಾಲಿಗಿ ಹಾಕೀನಿ.”

ಅಷ್ಟರಲ್ಲಿ ಸಾಹೇಬನ ಉತ್ತರ ಬಂದಿತ್ತು: ಇನ್ನೂ ಇಪ್ಪತ್ತೊಂದು ತೊಲ ಬೇಕು. ಚೀಲದಲ್ಲಿ ಉಳಿದದ್ದನ್ನು ತೂಗಿಸಿದ. ಐವತ್ತೊಂಬತ್ತು ತೊಲ. ಉಳಿದಿರಬೇಕಾದದ್ದು ಒಂದು ಸೇರು, ಎಂದರೆ ಎಂಬತ್ತು ತೊಲ; ತೊಟ್ಟಿಗೆ ಬಿದ್ದದ್ದೆಷ್ಟೆಂದು ಕಳೆದು ನೋಡಿದ. ತಕ್ಕಡಿಯ ತಟ್ಟೆ ಅದಲುಬದಲು ಮಾಡಿ ಮತ್ತೆ ತೂಗಿಸಿದ. ಐವತ್ತೊಂಬತ್ತೇ.

ಬಹಳ ಹೊತ್ತು ಪೆನ್ಸಿಲ್ ಕಚ್ಚಿದ. ಕೊನೆಗೆ ಬರೆದ: ‘ದ್ರಾವಣ ಫೀಸದಿ ಐದು. ಕಂಪೌಂಡರನನ್ನು ಮುಂದುವರಿಸಬಹುದು.’ ಫಾರಮ್ಮಿನಲ್ಲಿ, ಕಲಸಿದವರು ಯಾರು ಎಂಬುದಕ್ಕೆ ಕಾಲಮ್ಮಿರಲಿಲ್ಲ.