ಅರ್ಧರ್ಧ ಅಲಸಂದೆ

ಕಿರಿ ಸೊಸೆ ಮಡಕೆ ಬಗ್ಗಿಸಿದಾಗ ಅಲಸಂದೆಯ ಜೊತೆ ಹಿಟ್ಟಿನಂಥ ಪುಡಿಯೂ ಮೊರಕ್ಕೆ ಸುರಿಯಿತು. ಕಾಳಿಗೆಲ್ಲ ಹುಳ ಕೊರೆದ ತೂತು. ಬೂದಿಯಲ್ಲಿ ಬೆರೆಸಿ, ಮಡಕೆಯ ಬಾಯಿಗೆ ಮಣ್ಣು ಮೆತ್ತಿ ಇಟ್ಟಿದ್ದ ಬೀಜ! ತೀರಿಕೊಂಡ ಅತ್ತೆ ಕೈಯಾರೆ ಕೊಟ್ಟ ತಳಿ; ಮಳೆ ಕೈಕೊಟ್ಟರೂ ಅದರ ಬಳ್ಳಿ ಬಾಡುತ್ತಿರಲಿಲ್ಲ.

"ಅಂಗಡೀಲಿ ಬೇರೆ ತರ್ತೀನಿ ಬಿಡು," ಎಂದ ಗಂಡ.

"ಅದು ಇದಾಗುತ್ತಾ?" ಎಂದು ಸಿಡುಕಿದಳು.

ಹೊಲ ಹದಕ್ಕೆ ಬಂದಿತ್ತು, ಬಿಸಿಲೇರುತ್ತಿತ್ತು. ಅವಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಅಂಗಳಕ್ಕೆ ಹೋದಳು, ಒಳಗೆ ಬಂದಳು, ಮತ್ತೆ ಹೋದಳು. ಅಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿ ಹರಿಯಿತು. ಗೋಡೆಯಾಚೆ ವಾರಗಿತ್ತಿಯ ಮನೆ. ಅತ್ತೆ ಅವಳಿಗೂ ಈ ಬೀಜ ಕೊಟ್ಟಿದ್ದರು. ಆದರೆ ಮನೆ ಪಾಲಾದಂದಿನಿಂದ ಇಬ್ಬರಿಗೂ ಮಾತಿರಲಿಲ್ಲ.

ಕೊನೆಗೆ ಹೋಗಿ ಬಾಗಿಲು ಬಡಿದಳು.

"ಅಕ್ಕಾ, ಅಲಸಂದೆ ಬೀಜ ಇದ್ಯಾ?"

"ಓಹೋ, ಈಗ ಅಕ್ಕ ಆದ್ನಾ?"

"ಆಮೇಲೆ ಬೈಯಿ. ಹದ ಆರ್ತಿದೆ."

ವಾರಗಿತ್ತಿ ಡಬ್ಬ ತಂದಳು. ಅದರಲ್ಲೂ ಅರ್ಧಕ್ಕರ್ಧ ಹುಳ. "ಹಲ್ಲಲ್ಲಿ ಕಚ್ಚಿದ್ರೆ ಟಕ್ ಅನ್ನೋವರೆಗೂ ಒಣಗಿಸಿದ್ದೆ ಕಣೆ."

"ಬೂದಿ ಹಾಕ್ಲಿಲ್ವಾ?"

"ಬೂದೀನಾ? ಅತ್ತೆ ಹೇಳ್ಲೇ ಇಲ್ವಲ್ಲ! ನೀನು ಕಚ್ಚಿ ನೋಡಿದ್ಯಾ?"

"ನಂಗದನ್ನ ಹೇಳ್ಲಿಲ್ಲ."

ಇಬ್ಬರೂ ಮುಖ ಮುಖ ನೋಡಿಕೊಂಡರು. ವಾರಗಿತ್ತಿಗೆ ನಗು ತಡೆಯಲಾಗಲಿಲ್ಲ. "ಇಬ್ರೂ ಮಾತಾಡ್ಲಿ ಅಂತ್ಲೇ ಅರ್ಧರ್ಧ ಹೇಳಿದ್ರೇನೋ!"

"ಮರೆತಿರ್ಬೇಕು. ನೀರು ತಾ ಅಕ್ಕ, ಬೇಗ."

ಡಬ್ಬದ ಕಾಳನ್ನು ನೀರಿಗೆ ಸುರಿದರು. ತೇಲಿದ ಟೊಳ್ಳನ್ನು ಚೆಲ್ಲಿ, ಮುಳುಗಿದ ಗಟ್ಟಿ ಕಾಳನ್ನು ಬಾಚಿಕೊಂಡರು. ಅದು ಹೊಲದ ಒಂದು ಮೂಲೆಗೆ ಸಾಲುವಷ್ಟಿತ್ತು. ವಾರಗಿತ್ತಿಯ ತಗ್ಗಿನ ಹೊಲದಲ್ಲಿ ತೇವ ಹೆಚ್ಚೆಂದು ಇಬ್ಬರೂ ಸೇರಿ ಅಲ್ಲೇ ಬಿತ್ತಿದರು.

ಆಮೇಲೂ ಕಿರಿಯವಳಿಗೆ ಸಮಾಧಾನವಿಲ್ಲ. ದಿನಾ ಹೋಗಿ ಮಣ್ಣು ಸರಿಸಿ ನೋಡುವಳು.

"ಕೆದಕಿ ಕೆದಕಿ ನೀನೇ ಸಾಯಿಸ್ತೀಯ!" ಎಂದು ವಾರಗಿತ್ತಿ ಕೈಹಿಡಿದು ಎಳೆದಳು. ಆ ಎಳೆದಾಟದಲ್ಲೇ ಪಕ್ಕದ ಸಾಲಿನಲ್ಲಿ ಬಾಗಿದ ಮೊಳಕೆಯೊಂದು ಇಬ್ಬರ ಕಣ್ಣಿಗೂ ಬಿತ್ತು. ಇಬ್ಬರೂ ಅಲ್ಲೇ ಕುಕ್ಕರಿಸಿದರು.

ಕೊಯ್ಲಾದ ಮೇಲೆ ಬೀದಿಯ ಮನೆಮನೆಗೂ ಒಂದೊಂದು ಹಿಡಿ ಬೀಜ ಹಂಚಿದರು. ಕಚ್ಚಿ ನೋಡುವುದು, ಬೂದಿ ಬೆರೆಸುವುದು, ಎರಡನ್ನೂ ಪ್ರತಿ ಹೊಸಿಲಲ್ಲೂ ಹೇಳಿದರು. ಮನೆಗೆ ಬಂದು ಕೂತವಳೇ ಕಿರಿಯವಳು ಮತ್ತೆ ಚಪ್ಪಲಿ ಮೆಟ್ಟಿದಳು.

"ಮತ್ತೆಲ್ಲಿಗೆ?"

"ದರ್ಜಿ ಹೆಂಡ್ತಿ ಸುಮ್ನೆ ತಲೆ ಆಡಿಸಿದ್ಲು ಅಕ್ಕ. ಕಿವಿಗೆ ಹಾಕ್ಕೊಂಡ ಹಾಗೆ ಕಾಣ್ಲಿಲ್ಲ."

"ತಡಿ, ನಾನೂ ಬರ್ತೀನಿ," ಎಂದಳು ವಾರಗಿತ್ತಿ.