ಕಾವಲಿಲ್ಲದ ಗಡಿ

ಆ ಕ್ಲಿನಿಕ್ಕಿನ ಇಬ್ಬರು ಹಲ್ಲಿನ ಡಾಕ್ಟರಿಗೂ ಜನ ಹೆಸರಿಟ್ಟಿದ್ದರು. ಒಬ್ಬ ಗದರೋ ಡಾಕ್ಟ್ರು, ಇನ್ನೊಬ್ಬ ಮೆತ್ತನೆ ಡಾಕ್ಟ್ರು. ಇಬ್ಬರೂ ಒಂದೇ ಬೆಂಚಿನಲ್ಲಿ ಓದಿದವರು, ಒಟ್ಟಿಗೇ ಬೋರ್ಡು ಹಾಕಿದವರು. ಆದರೆ ಹಲ್ಲು ಹಿಡಿದುಕೊಂಡು ಬಂದವರೆಲ್ಲ ಬಾಗಿಲಲ್ಲೇ ಕತ್ತು ಚಾಚಿ, "ಮೆತ್ತನೆ ಡಾಕ್ಟ್ರು ಇದ್ದಾರಾ?" ಎಂದು ಕೇಳುತ್ತಿದ್ದರು. ಇಲ್ಲವೆಂದರೆ, ನೋವು ತಾನಾಗಿ ಕಮ್ಮಿಯಾಯಿತೆಂದು ಬಂದ ದಾರಿ ಹಿಡಿಯುತ್ತಿದ್ದರು. ಗೆಳೆಯ ಬಿಟ್ಟುಹೋದರೆ ಕ್ಲಿನಿಕ್ಕಿಗೆ ಬೀಗವೇ ಗತಿ ಎಂಬುದು ಗದರುವವನಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಅವನ ಸಿಟ್ಟು ಇನ್ನಷ್ಟು ಏರುತ್ತಿತ್ತು. ರೋಗಿ ಬಾಯಿ ತೆರೆದುಕೊಂಡು ಮಲಗಿರುವಾಗಲೇ, "ಏನೋ ಇದು, ಹಲ್ಲು ತುಂಬಿಸಿದ್ದೀಯೋ ಗಾರೆ ಕೆಲಸ ಮಾಡಿದ್ದೀಯೋ?" ಎಂದು ಗೆಳೆಯನ ಮೇಲೆ ಹಾರಿಬೀಳುತ್ತಿದ್ದ. ಮೆತ್ತನೆಯವನು ಮಾಸ್ಕಿನ ಹಿಂದೆ ಏನನ್ನೋ ನುಂಗಿಕೊಂಡು ಕೆಲಸ ಮುಂದುವರಿಸುತ್ತಿದ್ದ.

ಭಾನುವಾರ ಕ್ಲಿನಿಕ್ಕಿಗೆ ರಜೆ. ಮಧ್ಯಾಹ್ನ ಕಾಯುವ ಕೋಣೆಯ ಮೇಜಿನ ಮೇಲಿನ ಹರಕು ಪತ್ರಿಕೆಗಳನ್ನು ಕೆಳಗಿಳಿಸಿ, ಆಟದ ಭೂಪಟ ಹಾಸಿ, ನಾಲ್ಕು ಜನ ಪ್ರಪಂಚ ಹಂಚಿಕೊಳ್ಳಲು ಕೂರುತ್ತಿದ್ದರು. ಗದರುವವನದು ಕಪ್ಪು ಸೈನ್ಯ, ಮೆತ್ತನೆಯವನದು ಹಳದಿ. ಹಸಿರು ಅಚ್ಚಿನಕ್ಕನದು; ಹಿಂದಿನ ಕೋಣೆಯಲ್ಲಿ ಕೂತು ಕಟ್ಟುಹಲ್ಲಿಗೆ ಅಚ್ಚು ತೆಗೆಯುವವಳು. ಕೆಂಪು ಗದರುವವನ ಹೆಂಡತಿಯದು. ಆಕೆ ಭೂಗೋಳದ ಟೀಚರು. ಯಾವ ದೇಶದ ರಾಜಧಾನಿ ಕೇಳಿದರೂ ಥಟ್ಟನೆ ಹೇಳುವಳು, ಆಟದಲ್ಲಿ ಮಾತ್ರ ಒಂದನ್ನೂ ಉಳಿಸಿಕೊಳ್ಳಲಾರಳು.

ಆಟವೇನೂ ಬ್ರಹ್ಮವಿದ್ಯೆಯಲ್ಲ. ದಾಳ ಎಸೆದು ಪಕ್ಕದವರ ದೇಶ ಕಿತ್ತುಕೊಳ್ಳಬೇಕು. ಇಬ್ಬರು ಎದ್ದು ಎಕ್ಸ್‌ರೇ ಕೋಣೆಗೆ ಹೋಗಿ ಗುಟ್ಟಾಗಿ ಒಪ್ಪಂದ ಮಾಡಿಕೊಳ್ಳಬಹುದು, ಮನಸ್ಸಾದಾಗ ಮುರಿಯಲೂಬಹುದು. ಮುರಿಯುವುದರಲ್ಲಿ ಅಚ್ಚಿನಕ್ಕನದು ಎತ್ತಿದ ಕೈ. ಕೈಕುಲುಕಿ ಬಂದು ಕೂತ ಮರುಕ್ಷಣವೇ ಬೆನ್ನಿಗೆ ಚೂರಿ ಹಾಕಿ, "ರಾಜಕೀಯ ಸ್ವಾಮಿ, ಬೇಜಾರು ಮಾಡ್ಕೋಬೇಡಿ" ಅನ್ನುತ್ತಿದ್ದಳು.

ಈ ಭಾನುವಾರ ಗದರುವವನು ಸೋಲುತ್ತಿದ್ದ. ಸೋಲುವಾಗ ಅವನ ನಾಲಿಗೆಗೆ ಲಗಾಮಿಲ್ಲ. ಹೆಂಡತಿ ತಪ್ಪು ಹೆಜ್ಜೆ ಇಟ್ಟರೆ, "ಮಕ್ಕಳಿಗೆ ಪಾಠಾನೂ ಹೀಗೇ ಮಾಡ್ತೀಯಾ?" ಗೆಳೆಯ ಒಂದು ಗಳಿಗೆ ಯೋಚಿಸಿದರೆ, "ಎಚ್ಚರ ಇದ್ದೀಯೋ, ಮರಗಟ್ಟೋ ಇಂಜೆಕ್ಷನ್ ನೀನೇ ಚುಚ್ಕೊಂಡ್ಯೋ?" ಯಾರೂ ನಗಲಿಲ್ಲ. ಯಾರೂ ತಿರುಗಿ ಬೈಯಲೂ ಇಲ್ಲ. ಅದರಿಂದ ಅವನಿಗೆ ಮೈಯೆಲ್ಲ ಉರಿಯಿತು.

ಇನ್ನೊಬ್ಬರ ತಪ್ಪು ಹುಡುಕುವುದೆಂದರೆ ಅವನಿಗೆ ಊಟಕ್ಕಿಂತ ಇಷ್ಟ. ಹಾಗೆ ಹುಡುಕುವಾಗಲೇ ಹಳದಿಗೂ ಹಸಿರಿಗೂ ನಡುವಿನ ಗಡಿ ಕಣ್ಣಿಗೆ ಬಿತ್ತು. ಉದ್ದಕ್ಕೂ ದೇಶಕ್ಕೊಬ್ಬನೇ ಸೈನಿಕ. ಒಬ್ಬನಾದರೂ ಇರಬೇಕೆಂಬ ನಿಯಮವಿಲ್ಲದಿದ್ದರೆ ಅವನನ್ನೂ ನಿಲ್ಲಿಸುತ್ತಿರಲಿಲ್ಲವೇನೋ. ಅಚ್ಚಿನಕ್ಕನನ್ನು ಪಕ್ಕದಲ್ಲಿಟ್ಟುಕೊಂಡು ಹೀಗೆ ಬಾಗಿಲು ತೆರೆದು ಮಲಗುವ ಪೆದ್ದ ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಅವರಿಬ್ಬರೂ ಇವತ್ತು ಒಪ್ಪಂದಕ್ಕೆಂದು ಎದ್ದು ಹೋಗಿಯೂ ಇರಲಿಲ್ಲ.

"ಅಕ್ಕ, ಸ್ವಲ್ಪ ಒಳಗೆ ಬನ್ನಿ" ಎಂದ.

ಎಕ್ಸ್‌ರೇ ಕೋಣೆಯ ಬಾಗಿಲು ಮುಚ್ಚಿ ಪಿಸುಗುಟ್ಟಿದ. "ಹಳದಿಯವನ ಉತ್ತರದ ಕಡೆ ಪೂರಾ ಖಾಲಿ. ನುಗ್ಗಿಬಿಡಿ. ನಿಮ್ಮ ತಂಟೆಗೆ ನಾನು ಬರಲ್ಲ."

"ಬೇಡ ಬಿಡಿ, ಡಾಕ್ಟ್ರೇ."

"ಬೇಡ್ವಾ? ನೀವಾ ಬೇಡ ಅನ್ನೋದು? ಹೋದ ವಾರ ಇಷ್ಟು ಸಂದಿ ಸಿಕ್ಕಿದ್ರೆ ನನ್ನನ್ನ ಸಮುದ್ರಕ್ಕೇ ತಳ್ತಿದ್ರಿ."

ಅಚ್ಚಿನಕ್ಕ ಗೋಡೆ ನೋಡಿದಳು. "ಇವತ್ತು ಬೇಡ. ಮುಂದೆ ಅವರ ಜೊತೆ ಕೆಲಸ ಮಾಡ್ಬೇಕಲ್ಲ."

"ನನ್ನ ಜೊತೆನೂ ಮಾಡ್ಬೇಕಲ್ಲ?"

ಅಚ್ಚಿನಕ್ಕ ತುಟಿ ಕಚ್ಚಿಕೊಂಡಳು. ಎಂಥ ಸುಳ್ಳನ್ನೂ ಕಣ್ಣು ಮಿಟುಕಿಸದೆ ಹೇಳುವ ಹೆಂಗಸಿಗೆ ಆ ಹೊತ್ತಿಗೆ ಒಂದೂ ಹೊಳೆಯಲಿಲ್ಲ.

ಅವನು ಧಡಾರನೆ ಬಾಗಿಲು ತೆಗೆದು ಹೊರಗೆ ಬಂದ. "ಎಲ್ಲೋ ನಿನ್ನ ಹೊಸ ಕ್ಲಿನಿಕ್ಕು?"

ಮೆತ್ತನೆಯವನು ಕೈಲಿದ್ದ ಸೈನಿಕನನ್ನು ಕೆಳಗಿಟ್ಟ. "ಸ್ಟೇಷನ್ ಹತ್ರ ಒಂದು ಜಾಗ ನೋಡಿದ್ದೀವಿ. ಆಟ ಮುಗಿದ್ಮೇಲೆ ಹೇಳೋಣ ಅಂತಿದ್ದೆ."

"ಮುಗಿದ್ಮೇಲಾ? ಮೊದಲು ಸೋಲಿಸಿ ಆಮೇಲೆ ಹೂತುಹಾಕೋಣ ಅಂತಲಾ? ನಿನಗೆ ಬಾಯಿಲ್ಲ ಅಂತ ಇಷ್ಟು ವರ್ಷ ಎಲ್ಲರ ಹತ್ರ ಜಗಳ ಆಡಿದ್ದು ನಾನು ಕಣೋ! ಕಟ್ಟಡದವನ ಹತ್ರ, ಮಷೀನ್ ರಿಪೇರಿಯವನ ಹತ್ರ, ಎಲ್ಲರ ಹತ್ರಾನೂ!"

"ನನ್ನ ಹತ್ರಾನೂ ಆಡಿದ್ದೀಯ" ಎಂದ ಮೆತ್ತನೆಯವನು.

ಗದರುವವನು ಹೆಂಡತಿಯ ಕಡೆ ತಿರುಗಿದ. "ಕೇಳಿದ್ಯಾ ಇವನ ಮಾತು? ನಂಬಿಕೆದ್ರೋಹಿ!"

ಆಕೆ ತಲೆ ಎತ್ತಲಿಲ್ಲ. ಆಕೆ ನೋಡುತ್ತಿದ್ದ ಕಡೆಗೆ ಅವನೂ ನೋಡಿದ. ಕೆಂಪಿಗೂ ಹಳದಿಗೂ ನಡುವೆ ಒಬ್ಬೊಬ್ಬನೇ ಸೈನಿಕ. ಕೆಂಪಿಗೂ ಹಸಿರಿಗೂ ನಡುವೆಯೂ ಅಷ್ಟೇ. ಮೂರೂ ಬಣ್ಣದ ದಂಡು ಅವನ ಕಪ್ಪು ಗಡಿಯ ಮೇಲೇ ಒತ್ತೊತ್ತಾಗಿ ನಿಂತಿತ್ತು. ಹೊರಗಿನವರನ್ನು ಹಿಡಿಯುವ ಭರದಲ್ಲಿ ಇಷ್ಟು ಹೊತ್ತು ಮನೆಯ ಬಣ್ಣವನ್ನು ಅವನು ನೋಡಿಯೇ ಇರಲಿಲ್ಲ.

"ನಿಂಗೂ ಗೊತ್ತಿತ್ತು."

"ಗೊತ್ತಿತ್ತು. ಜಾಗ ನೋಡೋಕೆ ನಾನೂ ಹೋಗಿದ್ದೆ."

"ಮನೇಲಿ ಒಂದು ಮಾತು ಹೇಳೋಕಾಗ್ಲಿಲ್ವಾ?"

"ಬಾಯಿ ತೆಗೆದಾಗೆಲ್ಲ ನೀನು ಕೂಗಾಡ್ತಿದ್ದೆ. ಒಂದ್ಸಲ ಪೇಪರ್ ಹಾಕೋನ ಮೇಲೆ, ಒಂದ್ಸಲ ಫ್ಯಾನ್ ಮೇಲೆ. ಫ್ಯಾನ್ ಮೇಲೆ ಕೂಗಾಡೋ ಮನುಷ್ಯನಿಗೆ ಇದನ್ನ ಹೇಗೆ ಹೇಳ್ಲಿ?" ಆಕೆ ಈಗ ತಲೆ ಎತ್ತಿದಳು. "ಇವರಿನ್ನೂ ಆ ಜಾಗಕ್ಕೆ ಒಪ್ಕೊಂಡಿಲ್ಲ. ನಾಳೆ ಉತ್ತರ ಕೊಡ್ಬೇಕು. ಇಲ್ಲೀವರೆಗೂ ನಾನೇ ತಡೆದು ನಿಲ್ಸಿದ್ದೀನಿ. ಇರು ಅಂತ ನೀನೇ ಒಂದ್ಸಲ ಕೇಳ್ಕೋ."

ಮೆತ್ತನೆಯವನು ಅಂಗೈ ಉಜ್ಜಿಕೊಂಡ. "ಬೈಬೇಡ ಅಂತಾನೂ ನಾನು ಹೇಳಲ್ಲ ಕಣೋ. ಪೇಷಂಟ್ ಮುಂದೆ ಬೇಡ, ಅಷ್ಟೇ. ಇರು ಅಂತ ಒಂದ್ಸಲ ಅನ್ನು. ಇರ್ತೀನಿ."

ಅನ್ನಬೇಕೆಂದು ಅವನಿಗೆ ಪ್ರಾಣ ಹೋಗುವಷ್ಟು ಆಸೆಯಾಯಿತು. ಗೆಳೆಯನ ಖಾಲಿ ಕುರ್ಚಿ, ಬಾಗಿಲಿನಿಂದಲೇ ಹಿಂದಿರುಗುವ ಜನ, ಎಲ್ಲವೂ ಕಣ್ಣಮುಂದೆ ಬಂದು ಹೆದರಿಕೆಯೂ ಆಯಿತು. ಆದರೆ ಮೂವರೂ ಅವನ ಬಾಯನ್ನೇ ನೋಡುತ್ತಿದ್ದರು. ಮೂರು ಮುಖಗಳಲ್ಲೂ ಅವನ ಬಗ್ಗೆ ಮರುಕವಿತ್ತು. ಅವರು ಉಗಿದಿದ್ದರೆ ಅವನು ತಡೆದುಕೊಳ್ಳುತ್ತಿದ್ದ, ಮರುಕವನ್ನು ತಡೆದುಕೊಳ್ಳಲಾರದೆ ಹೋದ.

"ನನ್ನ ಸರದಿ" ಎಂದ. "ದಾಳ ಕೊಡು."

ಮೆತ್ತನೆಯವನು ದಾಳಗಳನ್ನು ಅವನ ಅಂಗೈಗೇ ಹಾಕಿ, ಎದ್ದು, ಬಾಗಿಲ ಬಳಿ ಚಪ್ಪಲಿ ಮೆಟ್ಟಿಕೊಂಡ. ಅಚ್ಚಿನಕ್ಕ ಚೀಲ ಎತ್ತಿಕೊಂಡು ಅವನ ಹಿಂದೆಯೇ ಹೊರಟಳು. ಇಬ್ಬರೂ ಮೆಟ್ಟಿಲು ಇಳಿಯುತ್ತಿದ್ದದ್ದು ಬಲು ನಿಧಾನ. ಕೂಗಿ ಕರೆದಿದ್ದರೆ ಕೇಳಿಸುತ್ತಿತ್ತು. ಊರಿಗೆಲ್ಲ ಕೇಳುವಂತೆ ಕೂಗುವ ಗಂಟಲು ಅವನದು.

ಹೆಂಡತಿ ಮಾತ್ರ ಕೂತೇ ಇದ್ದಳು. ಕೆಳಗೆ ಗೇಟು ಹಾಕಿಕೊಂಡ ಸದ್ದಾಯಿತು.

"ಯಾರ ಮೇಲೆ ದಾಳಿ?" ಎಂದು ಆಕೆ ಕೇಳಿದಳು.

"ನಿನ್ನ ಮೇಲೆ" ಎಂದು ಅವನು ದಾಳ ಎಸೆದ.